ಶಿವರಾಜು ಮೂಲೆ ಹೊಡೆಸಿದ ತೆಂಗಿನ ತೊಲೆ

ನನ್ನ ಚಿಕ್ಕಪ್ಪನ ಮಗಳು ವೀಣ ಮಳವಳ್ಳಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಮೇಡಂ. ರಜೆ ಸಿಕ್ಕರೆ ಮೈಸೂರಿನ ಬಸ್ಸು ಹತ್ತಿ ಪಿಎಚ್‌ಡಿ ಕೆಲಸಕ್ಕೆ ಓಡುತ್ತಾಳೆ. ವಿಷಯ ತೆಂಗಿನ ಮರ. ಅದಕ್ಕೂ ಡಾಕ್ಟರ್ ಪದವಿ ಕೊಡುತ್ತಾರೆಂದು ಮೊದಲೇ ತಿಳಿದಿದ್ದರೆ ನಮ್ಮ ಪೂರಿಗಾಲಿಯ ಅರ್ಧ ಜನ ಡಾಕ್ಟರಾಗಿರುತ್ತಿದ್ದರು.

ತೆಂಗಿನ ದಿಮ್ಮಿ ಅಂಚಿನಲ್ಲಿ ಬಲು ಗಟ್ಟಿ; ಒಳಗೆ ಹೋದಷ್ಟೂ ಮೆತ್ತಗಾಗುತ್ತಾ ಹೋಗುತ್ತದೆ. ವೀಣ ಅದಕ್ಕೆ ಪೆಟ್ಟಿಗೆಯಂಥ ಯಂತ್ರವೊಂದರ ಎರಡು ಮೊಳೆ ಚುಚ್ಚಿ, ಒಂದರಿಂದ ಸದ್ದು ಕಳಿಸಿ ಇನ್ನೊಂದರಲ್ಲಿ ಹಿಡಿಯುತ್ತಾಳೆ. ಸದ್ದು ಓಡಿದ ವೇಗಕ್ಕೆ ಮರದ ತೂಕ ಸೇರಿಸಿ ಲೆಕ್ಕ ಹಾಕಿದರೆ ಎಲ್ಲಿ ಎಷ್ಟು ಬಿಗಿಯಿದೆ, ಭಾರ ಹೇರಿದರೆ ಎಷ್ಟು ಬಾಗುತ್ತದೆ ಎಂದು ಗೊತ್ತಾಗುತ್ತದೆ. ಊರವರಿಗೆ ಕಂಡದ್ದು ಮಾತ್ರ ಮದುವೆಯಾಗದ ಹುಡುಗಿ ಮರಕ್ಕೆ ಕರೆಂಟು ಕೊಡುವುದು.

ಚಿಕ್ಕಪ್ಪ ಶಿವರಾಜುಗೆ ಇದೊಂದು ತಲೆನೋವು. ಹಿತ್ತಲಿನ ತೆಂಗು ಕಡಿಸಿ ಕೊಟ್ಟಿಗೆಯ ಅಟ್ಟಕ್ಕೆ ತೊಲೆ ಮಾಡಿಸುವಾಗ ಪಂಥ ಕಟ್ಟಿದ.

"ನೀ ತಟ್ಟಿ ಆಯ್ತದೆ ಅಂದ್ರೆ ಆಕುಸ್ತೀನಿ ಕಣವ್ವ. ತೊಲೆ ಬಗ್ತೋ, ಓದು ಅಲ್ಲಿಗೇ ಬುಡು. ಗಂಡು ನೋಡ್ತೀನಿ."

ವೀಣ ದಿಮ್ಮಿಗೆ ಸದ್ದು ಬಿಟ್ಟು ನೋಡಿ, "ಎಮ್ಮೆ ನೇತಾಕುದ್ರೂ ಬಗ್ಗಲ್ಲ, ಆಕ್ಸಪ್ಪ" ಎಂದು ಕಾಲೇಜಿಗೆ ಹೋದಳು.

ಅಟ್ಟಕ್ಕೆ ಹುಲ್ಲು ಒಟ್ಟಿದ್ದೇ ತಡ, ತೊಲೆ ಬಾಗಿತು. ಕೊಟ್ಟಿಗೆ ಬೀಳುವ ಹಾಗಿದ್ದರೂ ಚಿಕ್ಕಪ್ಪನ ಮುಖದಲ್ಲಿ ಹಬ್ಬ. ಅವತ್ತೇ ಯಲಿಯೂರಿನ ಗಂಡಿನ ಕಡೆಯವರಿಗೆ ಫೋನು ಮಾಡಿ ಭಾನುವಾರ ಬರಲು ಹೇಳಿದ. ವಿಷಯ ಕೇಳಿ ಓಡಿಬಂದ ವೀಣ ತಲೆ ಎತ್ತಿ ನೋಡಿ ಬೆಚ್ಚಿದಳು.

"ನಾ ನೋಡ್ದಾಗ ಗುಂಡಗಿತ್ತಲ್ಲಪ್ಪ!"

"ಗುಂಡು ತೊಲೆ ಆಕುಸ್ಕೊಳಕೆ ನಾವೇನ್ ಗತಿಗೆಟ್ಟೋರಾ? ಗೌಸ್ ಪೀರ್ ಸಾಮಿಲ್ಲಲ್ಲಿ ಕುಯ್ಸಿ ನಾಕು ಮೂಲೆ ಒಡುಸ್ದೆ."

ನಮ್ಮಲ್ಲಿ ಹಾಗೆಯೇ. ಕೆಳಗೆ ಎಮ್ಮೆಗಳೇ ಇದ್ದರೂ ಮೇಲಿನ ತೊಲೆಗೆ ನಾಲ್ಕು ಮೂಲೆ ಬೇಕು, ಇಲ್ಲದಿದ್ದರೆ ಮರ್ಯಾದೆ ಹೋಗುತ್ತದೆ. ಮರ್ಯಾದೆ ಉಳಿಸಲು ಚಿಕ್ಕಪ್ಪ ಸುತ್ತಲಿನ ಗಟ್ಟಿ ಮರವನ್ನೆಲ್ಲ ಸೀಳಿಸಿ ತೆಗೆಸಿ, ಮೆತ್ತನೆಯ ತಿರುಳನ್ನು ಅಟ್ಟಕ್ಕೇರಿಸಿದ್ದ. ಗಟ್ಟಿ ಸೀಳುಗಳು ಬಚ್ಚಲೊಲೆಗೆ ಹೋಗಿದ್ದವು; ಆ ಬಿಸಿನೀರಲ್ಲಿ ದಿನವೂ ಹಾಯಾಗಿ ಮೀಯುತ್ತಿದ್ದ. ಅಂಚು ಕುಯ್ಯಬೇಡಿ ಎಂದು ಮೊದಲೇ ಹೇಳದಿದ್ದದ್ದು ವೀಣಳ ತಪ್ಪು. ಆದರೂ ನನಗೆ ಸಿಟ್ಟು ಬಂದದ್ದು ಚಿಕ್ಕಪ್ಪನ ಮೇಲೆಯೇ.

ಉಳಿದಿದ್ದ ಒಂದೇ ಸೀಳನ್ನು ಚಿಕ್ಕಮ್ಮ ಹೊಂಬಾಳಮ್ಮ ಒಲೆಗೆ ಒಯ್ಯುತ್ತಿದ್ದಳು. ವೀಣ ಕಿತ್ತುಕೊಂಡು ಅದಕ್ಕೂ ತೊಲೆಗೂ ಯಂತ್ರ ಹಿಡಿದಳು. ಸೀಳಿನಲ್ಲಿ ಸದ್ದು ಓಡಿತು, ತೊಲೆಯಲ್ಲಿ ತೆವಳಿತು.

"ಪೆಟ್ಗೆ ನಿಂದು, ನೀ ಯೋಳ್ದಂಗೇ ಯೋಳ್ತದೆ" ಎಂದ ಚಿಕ್ಕಪ್ಪ.

ವೀಣ ಸೀಳನ್ನು ಎರಡು ಕಲ್ಲಿನ ಮೇಲೆ ಅಡ್ಡ ಇಟ್ಟಳು. "ಅತ್ತಪ್ಪ ಇದ್ರ ಮ್ಯಾಲೆ."

ಚಿಕ್ಕಪ್ಪನದು ಮೂಟೆಯಂಥ ಮೈ. ಹತ್ತಿ ನಿಂತ. ಸೀಳು ಮಿಸುಕಲಿಲ್ಲ. ಒಮ್ಮೆ ಕುಪ್ಪಳಿಸಿಯೂ ನೋಡಿದ, ನಾಚಿಕೆ ಇಲ್ಲದ ಮನುಷ್ಯ. ಆಮೇಲೆ ತಲೆ ಎತ್ತಿ ಬಾಗಿದ ತೊಲೆಯನ್ನು ಬಹಳ ಹೊತ್ತು ನೋಡಿದ.

ಇಳಿದವನು ಮಗಳ ಮುಖ ನೋಡಲಿಲ್ಲ. ಅಂಗಳದ ಮೂಲೆಗೆ ಹೋಗಿ ಫೋನು ತೆಗೆದ.

"ಬಾನುವಾರ ಬರ್ಬ್ಯಾಡಿ ಕಣಪ್ಪ. ಮಗ್ಳು ಮೈಸೂರ್ಗೆ ಓಗ್ಬೇಕು, ಓದು ಅದೆ." ಆ ಕಡೆಯವರು ಏನು ಕೇಳಿದರೋ, ಧ್ವನಿ ತಗ್ಗಿಸಿದ. "ಇಲ್ಲ, ಅವ್ಳು ಸರ್ಯಾಗೇ ಯೋಳಿದ್ಲು. ಕುಯ್ಸಿ ಆಳ್ಮಾಡ್ದೋನು ನಾನೇಯ."