ಭಾವ ಬೆಳೆಸಿದ ಅಕ್ಕಿ

ನನ್ನ ಅಕ್ಕನ ಗಂಡ ಭತ್ತದ ತಳಿ ವಿಜ್ಞಾನಿ. ಪ್ರಯೋಗಾಲಯದ ಬಿಳಿ ಕೋಟನ್ನು ಮನೆಯಲ್ಲೂ ಬಿಚ್ಚುತ್ತಿರಲಿಲ್ಲ. ಬಿಚ್ಚಿದರೆ ಎಲ್ಲಿ ನಮ್ಮ ಹಾಗೆ ಬರೀ ಮನುಷ್ಯನಾಗಿಬಿಡುತ್ತೇನೋ ಎಂಬ ಭಯ. ಕಾಡುಭತ್ತದ ಒಂದು ಜೀನನ್ನು ಊಟದ ಭತ್ತಕ್ಕೆ ಸೇರಿಸಿ, ಎಂಥ ಗಾಳಿಗೂ ಬೀಳದ ಪೈರು ಬೆಳೆಸಿದ್ದರು. ಪೈರು ನಿಜಕ್ಕೂ ಬೀಳುತ್ತಿರಲಿಲ್ಲ. ಅದರ ಅಕ್ಕಿ ಬೇಯುತ್ತಲೂ ಇರಲಿಲ್ಲ.

ತಳಿಗೆ ಒಪ್ಪಿಗೆ ಕೊಡಬೇಕಾದ ಸಮಿತಿಯವರನ್ನು ಭಾವ ಮನೆಗೇ ಊಟಕ್ಕೆ ಕರೆದರು. ಅವತ್ತು ಬೆಳಿಗ್ಗೆ ಅಡುಗೆಮನೆಗೆ ಬಂದು ಮೆಲ್ಲಗೆ, "ಇವತ್ತು ಅಂಗಡಿ ಅಕ್ಕೀನೇ ಹಾಕ್ಬಿಡು, ಯಾರಿಗೆ ಗೊತ್ತಾಗತ್ತೆ," ಅಂದರು.

ಅಕ್ಕ ಒಲೆಯಿಂದ ಕಣ್ಣೆತ್ತಲಿಲ್ಲ. "ವರ್ಷಗಟ್ಟಲೆ ನನಗೆ, ಮಕ್ಕಳಿಗೆ ಇದನ್ನೇ ತಿನ್ನಿಸಿದ್ರಲ್ಲ. ಅವರೇನು ಆಕಾಶದಿಂದ ಇಳಿದು ಬಂದವರಾ?"

ಮಧ್ಯಾಹ್ನ ಆ ಅಕ್ಕಿಯ ಅನ್ನವನ್ನೇ ಮೊದಲು ಭಾವನ ತಟ್ಟೆಗೆ ಗುಡ್ಡೆಯಾಗಿ ಬಡಿಸಿದಳು. ಎಲ್ಲರೂ ಅವರ ಮುಖ ನೋಡುತ್ತ ಕೂತರು. ಭಾವ ಒಂದೊಂದು ತುತ್ತನ್ನೂ ಮೇಕೆಯ ಹಾಗೆ ಅಗಿದು, "ಎಂಥ ರುಚಿ," ಎಂದರು. ಸಮಿತಿಯ ಹಿರಿಯರು ಎರಡು ತುತ್ತು ಉಂಡು, ದವಡೆ ಸವರಿಕೊಂಡು, "ಗಟ್ಟಿ ತಳಿ," ಎಂದು ಹೊಗಳಿದರು. ಒಪ್ಪಿಗೆ ಸಿಕ್ಕಿತು. ಮಾನ ಹೋಗಲಿ ಅಂತ ಅಕ್ಕ ಬಡಿಸಿದ ಅನ್ನದಿಂದ ಭಾವನಿಗೆ ಬಡ್ತಿಯೇ ಬಂತು.

ರೈತರು ಒಂದೇ ಬೆಳೆ ತೆಗೆದು, ಅಕ್ಕಿಯನ್ನು ಕೋಳಿಗಳಿಗೆ ಹಾಕಿದರು. ಜನರ ನಾಲಿಗೆ ಇನ್ನೂ ಸುಧಾರಿಸಿಲ್ಲ ಎಂದು ಭಾವ ಈಗ ಊರೂರಿನಲ್ಲಿ ಭಾಷಣ ಮಾಡುತ್ತಾರೆ. ಮನೆಯಲ್ಲಿ ಅಕ್ಕ ಎರಡು ಪಾತ್ರೆ ಇಡುತ್ತಾಳೆ. ಒಂದರಲ್ಲಿ ಅಂಗಡಿ ಅಕ್ಕಿ ಬೇಯುತ್ತದೆ. ಇನ್ನೊಂದು ಭಾವನಿಗೆ.