ಯಶೋದೆ ಎತ್ತಿದ ಬಲಗೈ

ಯಶೋದಾ, ನಿನ್ನ ಓದು ನಿಂತದ್ದು ನಿನ್ನ ಅಪ್ಪನಿಂದಲ್ಲ, ನನ್ನಿಂದ. ಇದನ್ನು ಹೇಳಲು ಇಷ್ಟು ವರ್ಷ ಬೇಕಾಯಿತು— ಯಾಕೆ ಬೇಕಾಯಿತೋ, ಅದೂ ನನಗೆ ಸರಿಯಾಗಿ ತಿಳಿಯದು.

ಎರಡು ಸಾವಿರದ ಇಸವಿ ದಾಟಿದ ಮೊದಲ ವರ್ಷಗಳು. ಮುಳಬಾಗಿಲಿನ ನಮ್ಮ ಕಾಲೇಜಿಗೆ ಹೊಸ ಮಾತೊಂದು ಬಂದಿತ್ತು: ಮೇಷ್ಟ್ರು ಎಷ್ಟು ಪಾಠ ಮಾಡಿದರು ಎಂದು ಯಾರೂ ಕೇಳುವುದಿಲ್ಲ, ಮಕ್ಕಳಿಗೆ ಕೊನೆಗೆ ಏನು ಬಂತು ಎಂದು ನೋಡುತ್ತಾರೆ. 'ಮೊದಲ ವರ್ಷ ಮುಗಿಯುವಷ್ಟರಲ್ಲಿ ವಿದ್ಯಾರ್ಥಿ ಇಂಗ್ಲಿಷಿನಲ್ಲಿ ತನ್ನ ಬಗ್ಗೆ ತಾನೇ ಮಾತಾಡಬಲ್ಲ' ಎಂದು ಬರೆದು ತರಗತಿಯ ಗೋಡೆಗೆ ಅಂಟಿಸಿದ್ದೆವು. ಅದನ್ನು ನೋಡಿ ಕಾಲೇಜಿಗೆ ದರ್ಜೆ ಕೊಡಲು ಬೆಂಗಳೂರಿನಿಂದ ತಂಡ ಬರುವುದಿತ್ತು. ಇಂಗ್ಲಿಷ್ ಮೇಷ್ಟ್ರಾದ ನಾನು ಒಂದು ಉಪಾಯ ಹೂಡಿದೆ. ಪ್ರಶ್ನೆ ಕೇಳಿದ ಕೂಡಲೇ ಎಲ್ಲರೂ ಕೈ ಎತ್ತಬೇಕು. ಉತ್ತರ ಬರುವವರು ಬಲಗೈ, ಬಾರದವರು ಎಡಗೈ. ಬಲಗೈಯವರನ್ನಷ್ಟೇ ನಾನು ಎಬ್ಬಿಸುತ್ತೇನೆ. ನಿನ್ನದು ಎಡಗೈ. ಮನೆಯಲ್ಲಿ ತೆಲುಗಾಡುತ್ತಿದ್ದ ನೀನು ಇಂಗ್ಲಿಷ್ ಎಂದರೆ ತಲೆ ತಗ್ಗಿಸುತ್ತಿದ್ದೆ.

ತಂಡ ಬರುವ ಹಿಂದಿನ ದಿನ ನೀನು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ನನಗೆ ಹೇಳಿದ್ದೆ: ಪೋಷಕರನ್ನೂ ಕರೆದಿದ್ದರಿಂದ ನಿಮ್ಮೂರು ನಂಗಲಿಯಿಂದ ಅಪ್ಪ ಬರುತ್ತಾರೆ, ನೀನು ಇಂಗ್ಲಿಷ್ ಮಾತಾಡುವುದನ್ನು ಕಿವಿಯಾರೆ ಕೇಳಿದರೆ ಮುಂದಕ್ಕೆ ಓದಿಸುತ್ತಾರೆ, ಇಲ್ಲದಿದ್ದರೆ ಮದುವೆ.

"ಕಲ್ತಿದ್ದೀನಿ ಸಾರ್, ನನ್ನನ್ನೂ ಕೇಳಿ."

ನಾನು ಹೂಂ ಎಂದೆ. ನಿಜಕ್ಕೂ ಕೇಳಿಸಿಕೊಂಡೆನೇ? ಆ ಗಡಿಬಿಡಿಯಲ್ಲಿ—

ಮರುದಿನ ನಿನ್ನ ಅಪ್ಪ ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಪ್ರಶ್ನೆ ಬಂತು. ಅಷ್ಟೂ ಕೈಗಳ ನಡುವೆ ನಿನ್ನ ಬಲಗೈ. ಮರೆತು ಎತ್ತಿದಳೇ? ನಿಜವಾಗಿ ಕಲಿತಳೇ? ತಡವರಿಸಿದರೆ ಕಾಲೇಜಿನ ಮಾನ— ಥೂ, ಕಣ್ಣು ತಪ್ಪಿಸಿ ಪಕ್ಕದವಳನ್ನು ಎಬ್ಬಿಸಿದೆ. ನಾನು ಬಾಯಿಪಾಠ ಮಾಡಿಸಿದ್ದನ್ನು ಅವಳು ಒಪ್ಪಿಸಿದಳು. ತಂಡದವರು ಮೆಚ್ಚಿ ತಲೆಯಾಡಿಸಿದರು.

ಆಮೇಲೆ ವರಾಂಡದಲ್ಲಿ ನಿನ್ನ ಅಪ್ಪ ಬಂದು, ಮಗಳನ್ನು ಯಾಕೆ ಕೇಳಲಿಲ್ಲವೆಂದರು. ತಂಡದವರೂ ಅಲ್ಲೇ ಇದ್ದರು. ಉಪಾಯ ಬಯಲಾದೀತೆಂದು ನನಗೆ ದಿಗಿಲು.

"ಅವಳಿಗಿನ್ನೂ ಬರಲ್ಲ ಬಿಡಿ," ಎಂದೆ.

"ಸರೇ ಸಾ. ಅಂಗಾದ್ರೆ ಓದಿದ್ದು ಸಾಕು."

ನೀನು ಪಕ್ಕದಲ್ಲೇ ನಿಂತಿದ್ದೆ. ರಜೆ ಮುಗಿದು ಕಾಲೇಜು ತೆರೆದಾಗ ನೀನು ಬರಲಿಲ್ಲ. ಕಾಲೇಜಿಗೆ ಒಳ್ಳೆಯ ದರ್ಜೆ ಸಿಕ್ಕಿತು. ನಾನೇ ಎಲ್ಲರಿಗೂ ಸಿಹಿ ಹಂಚಿದೆ.

ನಂಗಲಿ ಏನು ದೂರವೇ? ಬಸ್ಸು ಹತ್ತಿ ಬಂದು ನಿನ್ನ ಅಪ್ಪನಿಗೆ ನಿಜ ಹೇಳಬಹುದಿತ್ತು. ಬರಲಿಲ್ಲ. ನಿನ್ನ ಕೈ ಕಂಡಾಗ ನನಗೆ ಅನುಮಾನ ಬಂದದ್ದು ಹೌದೋ, ಆ ಅನುಮಾನವನ್ನೂ ನಾನು ಆಮೇಲೆ ಕಟ್ಟಿಕೊಂಡೆನೋ— ಎಷ್ಟು ಕೆದಕಿದರೂ ಗೊತ್ತಾಗುತ್ತಿಲ್ಲ. ಇಷ್ಟು ಮಾತ್ರ ಗೊತ್ತು: ಬರುತ್ತದೆಯೇ ಎಂದು ಒಂದು ಸಲವೂ ನಿನ್ನನ್ನು ಕೇಳಿ ನೋಡದೆ, ಬರಲ್ಲ ಎಂದುಬಿಟ್ಟೆ.