ಸೂಟ್‌ಕೇಸಿನಲ್ಲಿ ಉಳಿದ ಲಿಂಗ

ಪ್ರಾಗ್ ಪಟ್ಟಣ ಬಹಳ ಚೆಂದ ಎಂದು ನೋಡಿ ಬಂದವರೆಲ್ಲ ಹೇಳುತ್ತಾರೆ. ಇರಬಹುದು. ನನಗೆ ಚೆನ್ನಾಗಿ ನೆನಪಿರುವುದು ನಮ್ಮ ಬಸ್ಸಿನ ಹಿಂಭಾಗ, ಅದೂ ತಿರುವಿನಲ್ಲಿ ಮರೆಯಾಗುವಾಗ ಕಂಡದ್ದು. ಅದರ ಹೊಟ್ಟೆಯೊಳಗೆ ನನ್ನ ಸೂಟ್‌ಕೇಸು, ಅದರೊಳಗೆ ನನ್ನ ಕೊರಳಲ್ಲಿ ಇರಬೇಕಾಗಿದ್ದ ಇಷ್ಟಲಿಂಗ.

ಗಡಿಯಾಚೆಯ ಉಮರ್ಗಾದ ಮರಾಠಿ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತಳಾದ ವರ್ಷ ಅದು. ಯಜಮಾನರಿಗೆ ವಿಮಾನವೆಂದರೆ ಕೈಕಾಲು ತಣ್ಣಗಾಗುತ್ತವೆ. ನಮ್ಮೂರು ಗುಂಜೋಟಿಯ ಹೊಲದ ನೆಪ ಹೇಳಿ, ತಮ್ಮ ಬದಲು ತಾಯಿಯನ್ನು ನನ್ನ ಜೊತೆ ಪ್ರವಾಸಕ್ಕೆ ಕಳಿಸಿದರು. ಅತ್ತೆಗೆ ಎಪ್ಪತ್ತೆರಡು ವರ್ಷ, ಸಕ್ಕರೆ ಕಾಯಿಲೆ ಬೇರೆ. ಲಿಂಗಪೂಜೆಯಾಗದೆ ಒಂದು ಗುಟುಕು ನೀರನ್ನೂ ಬಾಯಿಗೆ ಹಾಕದವರು. ಅದಕ್ಕೂ ಒಬ್ಬರೇ ಕೂಡುವವರಲ್ಲ. ನಾನು ಸೊಸೆಯಾಗಿ ಬಂದ ದಿನದಿಂದ ಇಬ್ಬರೂ ಎದುರುಬದುರು ಕೂತೇ ಪೂಜೆ, ಆಮೇಲೇ ನೀರು.

ತಪ್ಪು ಹಿಂದಿನ ದಿನ ಆಗಿತ್ತು. ಬೇರೊಂದು ಊರಿನ ವಸ್ತುಸಂಗ್ರಹಾಲಯದ ಬಾಗಿಲಲ್ಲಿ ಲಿಂಗವಿಟ್ಟು ಕೊರಳಿಗೆ ಕಟ್ಟಿದ್ದ ನನ್ನ ಬೆಳ್ಳಿಯ ಕರಡಿಗೆಗೆ ಯಂತ್ರ ಕೂಗಿತು. ಅತ್ತೆಯ ಲಿಂಗ ಬಟ್ಟೆಯ ಗಂಟಿನಲ್ಲಿದ್ದುದರಿಂದ ಅವರು ಸುಮ್ಮನೆ ದಾಟಿಹೋದರು. ನಾನು ಮಾತ್ರ ಕರಡಿಗೆ ಬಿಚ್ಚಿ, ಯಾರದೋ ಬೂಟು, ಯಾರದೋ ಬೆಲ್ಟು ಬಿದ್ದಿದ್ದ ತಟ್ಟೆಯಲ್ಲಿ ಇಟ್ಟೆ. ಮತ್ತೊಮ್ಮೆ ಹಾಗೆ ಇಡಲಾರೆ ಅನ್ನಿಸಿತು. ಮರುದಿನ ಪ್ರಾಗ್‌ನ ಕೋಟೆಯಲ್ಲೂ ತಪಾಸಣೆ ಇದೆ ಎಂದು ಗೈಡ್ ಹೇಳಿದ್ದರು. ಬೆಳಗಾಗುವ ಮುಂಚೆ ಬಸ್ಸು ಹೊರಡುವುದು, ಹೊಸ ಹೋಟೆಲಿನಲ್ಲಿ ಸ್ನಾನ, ಪೂಜೆ ಮುಗಿಸಿ ಊರು ನೋಡುವುದು ಎಂದು ಗೊತ್ತಾಗಿತ್ತು. ಪೂಜೆಯ ಹೊತ್ತಿಗೆ ತೆಗೆದುಕೊಂಡರಾಯಿತು ಎಂದು ಲಿಂಗವನ್ನು ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ಇಟ್ಟುಬಿಟ್ಟೆ. ಓದಿದವಳ ಜಾಣತನ.

ಪ್ರಾಗ್ ತಲುಪಿದಾಗ ಗೈಡ್ ಮಾತು ಬದಲಿಸಿದರು. ಕೋಣೆ ಸಿಗುವುದು ಸಂಜೆಗೆ, ಮೊದಲು ಊರು ನೋಡೋಣ, ಬಸ್ಸು ಐದು ಗಂಟೆಗೆ ಬರುತ್ತದೆ ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಬಸ್ಸು ಹೊರಟಿತ್ತು.

ಅಲ್ಲಿಂದ ಮುಂದೆ ಆ ಊರು ನನಗೆ ಬಾಗಿಲಿಲ್ಲದ ಮನೆಯಾಯಿತು. ಕಲ್ಲು ಹಾಸಿದ ಓಣಿಗಳು, ಮುಂದೆ ಗೈಡ್ ಎತ್ತಿ ಹಿಡಿದ ಹಳದಿ ಕೊಡೆ, ಹಿಂದೆ ನಮ್ಮ ಗುಂಪಿನ ಲಾತೂರಿನ ಮರಾಠಿ ಮಂದಿ. ನಿಲ್ಲುವಂತಿಲ್ಲ, ತಿರುಗುವಂತಿಲ್ಲ. ಕೋಟೆಯ ಅಂಗಳದಲ್ಲಿ ಅತ್ತೆ, ಇಲ್ಲೇ ಒಂದು ಮೂಲೆಯಲ್ಲಿ ಪೂಜೆಗೆ ಕೂಡೋಣವೇ ಎಂದು ಕೇಳಿದರು. ನೆಲ ಹೊಲಸಾಗಿದೆ ಎಂದೆ. ಸಾಲು ಸಾಲು ಸಂತರ ಮೂರ್ತಿಗಳಿದ್ದ ಸೇತುವೆಯ ಮೇಲೆ ಮತ್ತೆ ಕೇಳಿದರು. ಗೈಡ್ ಬಿಟ್ಟು ಹೋಗುತ್ತಾರೆ ಎಂದೆ. ಅವರು ಆಯಿತು ಎಂದಷ್ಟೇ ಹೇಳಿ ನಡೆದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಹೇಳಿದರೆ ಮುಗಿಯುತ್ತಿತ್ತು, ಬಲ್ಲೆ. ಆದರೆ ಕೊರಳಲ್ಲಿ ಲಿಂಗ ಇಲ್ಲದವಳ ಕೈನೀರು ಕುಡಿಯಬಾರದು ಎಂದು ನನಗೆ ಕಲಿಸಿದವರೇ ಅವರು.

ಮಧ್ಯಾಹ್ನ ಹಳೆಯ ಗಡಿಯಾರದ ಕೆಳಗೆ ಊರೇ ನೆರೆದಿತ್ತು. ಎಲುಬುಗೂಡಿನ ಗೊಂಬೆಯೊಂದು ಗಂಟೆ ಎಳೆಯುವುದನ್ನು ಎಲ್ಲರೂ ಬಾಯಿ ತೆರೆದು ನೋಡುತ್ತಿದ್ದಾಗ ನಾನು ಶೌಚಾಲಯಕ್ಕೆ ಹೋದೆ. ನಲ್ಲಿಗೆ ಬೊಗಸೆಯೊಡ್ಡಿ ಹೊಟ್ಟೆ ತುಂಬ ನೀರು ಕುಡಿದೆ. ಬಾಯಿ ಒರೆಸಿಕೊಂಡು ಹೊರಗೆ ಬಂದರೆ ಅತ್ತೆ ಕಂಬಕ್ಕೆ ಒರಗಿ ನಿಂತಿದ್ದರು. ತುಟಿ ಒಣಗಿತ್ತು, ಕೈ ನಡುಗುತ್ತಿತ್ತು.

ಗೈಡ್‌ಗೆ ಹೇಳಿ ಇಬ್ಬರೂ ಹಿಂದೆ ಉಳಿದೆವು. ನದಿಯ ದಂಡೆಯ ಬೆಂಚಿನ ಮೇಲೆ ಅವರನ್ನು ಕೂರಿಸಿ, ಬಾಳೆಹಣ್ಣು ಕೈಗಿಟ್ಟೆ. ಪೂಜೆಯಾಗಲಿ ಎಂದರು. ಇನ್ನು ತಡೆಯಲಾಗಲಿಲ್ಲ. ಅಳುತ್ತಾ ಲಿಂಗದ ವಿಷಯ ಹೇಳಿಬಿಟ್ಟೆ.

"ನನಗ ಗೊತ್ತದ," ಎಂದರು ಅತ್ತೆ. "ಮುಂಜಾನಿ ಬಸ್ಸಿನಾಗ ನನ್ನ ಹೆಗಲಿಗಿ ತಲಿ ಇಟ್ಟು ಮಲಗಿದ್ದಿ. ಕೊರಳಾಗ ದಾರ ಇರಲಿಲ್ಲ."

"ಮತ್ತ ಯಾಕ ಸುಮ್ನ ಇದ್ರಿ?"

"ನೀನೇ ಹೇಳ್ತಿ ಅಂತ ಹಾದಿ ನೋಡಿದೆ." ಬಾಳೆಹಣ್ಣನ್ನು ಬೆಂಚಿನ ಮೇಲೆ ಇಟ್ಟರು. "ಇಷ್ಟು ವರ್ಷ ನಾ ನಿನಗ ಇಷ್ಟು ಅಂಜಿಸೀನೇನು?"

ಇಲ್ಲ ಎಂದೆ. ಅದೂ ಸುಳ್ಳು.

ಅವರು ಬಟ್ಟೆಯ ಗಂಟು ಬಿಚ್ಚಿ ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು, ಮೊದಲ ಬಾರಿಗೆ ನನ್ನನ್ನು ಬಿಟ್ಟು ಪೂಜೆ ಮುಗಿಸಿದರು. ಅರ್ಧ ಹಣ್ಣು ತಿಂದು, ಉಳಿದರ್ಧವನ್ನು ನನಗೆಂದು ಸೆರಗಿನಲ್ಲಿ ಕಟ್ಟಿಕೊಂಡರು.

ಐದಕ್ಕೆ ಬಸ್ಸು ಬಂತು. ಡಾಂಬರಿನ ಮೇಲೆಯೇ ಸೂಟ್‌ಕೇಸು ಬಿಚ್ಚಿ, ಲಿಂಗ ತೆಗೆದು, ಬಸ್ಸಿನ ಮರೆಯಲ್ಲಿ ಕೂತು ಪೂಜೆ ಮಾಡಿಕೊಂಡೆ. ದಾರ ಕೊರಳಿಗೆ ಹಾಕಿಕೊಳ್ಳುತ್ತಿದ್ದಂತೆ ಅತ್ತೆ ಬಾಟಲಿಯ ಮುಚ್ಚಳ ತೆಗೆದು ನನ್ನ ಮುಂದೆ ಬಗ್ಗಿದರು.

"ಮುಂಜಾನಿಯಿಂದ ನೀನೂ ನನ್ನ ಕೂಡ ಉಪಾಸ ಇದ್ದಿ, ಯವ್ವಾ," ಎಂದರು. "ಮೊದಲ ನೀರು ಕುಡಿ."

ಬಾಯಿ ತೆರೆದೆ. ಅವರೇ ನೀರು ಹಾಕಿದರು. ಆ ನಲ್ಲಿಯ ಮಾತನ್ನು ಅವರಿಗೆ ಇವತ್ತಿಗೂ ಹೇಳಿಲ್ಲ.